ಸಂಸತ್ತು ಸಂವಿಧಾನದಲ್ಲಿ ಏನನ್ನು ಬೇಕಾದರೂ ತಿದ್ದಬಹುದೇ? 97ನೇ ತಿದ್ದುಪಡಿ ಬಿದ್ದದ್ದು ಯಾಕೆ?

ರಾಯಬಾಗದ ರೈತ

ಸಹಕಾರಿ ಸಂಘಗಳ ಚುನಾವಣೆ ಬಂತೆಂದರೆ ನಮ್ಮ ಕಡೆ 97ನೇ ತಿದ್ದುಪಡಿಯ ಹೆಸರು ಕಿವಿಗೆ ಬೀಳುತ್ತದೆ. ನಿರ್ದೇಶಕರು 21ಕ್ಕಿಂತ ಜಾಸ್ತಿ ಇರಬಾರದು, ಅವಧಿ ಐದು ವರ್ಷ, ಮಹಿಳೆಯರಿಗೆ ಎರಡು ಸ್ಥಾನ, ವರ್ಷ ಮುಗಿದ ಆರು ತಿಂಗಳೊಳಗೆ ಆಡಿಟ್. ಇವೆಲ್ಲ 2011ರ ಕೊನೆಗೆ ಸಂಸತ್ತು ಪಾಸು ಮಾಡಿ, 2012ರ ಫೆಬ್ರವರಿ 15ರಿಂದ ಸಂವಿಧಾನದೊಳಗೆ ಸೇರಿಸಿದ ಮಾತುಗಳು. ಆದರೆ 2021ರ ಜುಲೈ 20ರಂದು ಸುಪ್ರೀಂ ಕೋರ್ಟ್, ಒಂದೇ ರಾಜ್ಯದೊಳಗಿನ ಸಂಘಗಳ ಮಟ್ಟಿಗೆ ಇದನ್ನು ಹೊಡೆದು ಹಾಕಿತು. ನಮ್ಮ ರಾಜ್ಯದ ಸಹಕಾರಿ ಕಾಯ್ದೆಯಲ್ಲೇ ಇಂಥ ನಿಯಮಗಳು ಬಹಳಷ್ಟು ಸೇರಿಕೊಂಡಿದ್ದರಿಂದ ಊರಲ್ಲಿ ಯಾರಿಗೂ ಫರಕು ಗೊತ್ತಾಗಲಿಲ್ಲ.

ಬಿದ್ದ ಕಾರಣ ನೋಡಿ. ಸಹಕಾರಿ ಸಂಘ ರಾಜ್ಯಪಟ್ಟಿಯ 32ನೇ ನಮೂದು. ಅದರ ಕಾನೂನು ಮಾಡುವುದು ರಾಜ್ಯದ ಕೆಲಸ. ರಾಜ್ಯದ ಆ ಅಧಿಕಾರಕ್ಕೆ ಕೈ ಹಾಕುವ ತಿದ್ದುಪಡಿಯಾದರೆ ಸಂಸತ್ತಿನ ಮೂರನೇ ಎರಡು ಬಹುಮತ ಸಾಲದು. ಕಡೇಪಕ್ಷ ಅರ್ಧದಷ್ಟು ರಾಜ್ಯಗಳ ಶಾಸಕಾಂಗಗಳು ಒಪ್ಪಿ ಠರಾವು ಮಾಡಬೇಕು. ಅದೂ ರಾಷ್ಟ್ರಪತಿ ಸಹಿಗೆ ಹೋಗುವ ಮೊದಲೇ. 368ನೇ ವಿಧಿಯಲ್ಲೇ ಹೀಗೆ ಬರೆದಿದೆ. 97ಕ್ಕೆ ಆ ಒಪ್ಪಿಗೆ ತೆಗೆದುಕೊಂಡಿರಲಿಲ್ಲ. ಗುಜರಾತ್ ಹೈಕೋರ್ಟ್ 2013ರಲ್ಲೇ ಇದನ್ನು ಹೇಳಿತ್ತು, ಸುಪ್ರೀಂ ಕೋರ್ಟ್ ಎತ್ತಿ ಹಿಡಿಯಿತು.

ನನ್ನ ಮಾತು ಇಷ್ಟು. ಸಂವಿಧಾನ ತಿದ್ದುವ ಅಧಿಕಾರ ಸಂಸತ್ತಿನ ಸ್ವಂತದ್ದಲ್ಲ, ಸಂವಿಧಾನ ಕೊಟ್ಟದ್ದು. ಕೊಟ್ಟದ್ದಕ್ಕೆ ಮಿತಿ ಇದ್ದೇ ಇರುತ್ತದೆ. ಪಿಕೆಪಿಎಸ್ (ಊರಿನ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘ) ಸಭೆಗೆ ಹೋದವರಿಗೆ ಇದು ಬೇಗ ತಿಳಿಯುತ್ತದೆ. ಬೈಲಾ ತಿದ್ದುಪಡಿ ಇದ್ದಾಗ ನೋಟಿಸಿನ ಜೊತೆ ಒಂದು ತಖ್ತೆ ಬರುತ್ತದಲ್ವಾ? ಒಂದು ಕಾಲಂನಲ್ಲಿ ಈಗಿನ ಬೈಲಾ, ಪಕ್ಕದಲ್ಲಿ ಹೊಸದು, ಕೊನೆಗೆ ಕಾರಣ. ಇಡೀ ಸಭೆ ಕೈ ಎತ್ತಿದರೂ ಅದು ರಿಜಿಸ್ಟ್ರಾರ್ ಹತ್ತಿರ ನೋಂದಣಿ ಆಗುವವರೆಗೆ ಜಾರಿಗೆ ಬರುವುದಿಲ್ಲ. ಸಹಕಾರಿ ಕಾಯ್ದೆಗೆ ವಿರುದ್ಧ ಇದ್ದರೆ ನೋಂದಣಿ ಆಗುವುದೇ ಇಲ್ಲ. ಸದಸ್ಯರೇ ಸಂಘದ ಮಾಲೀಕರು, ಖರೆ. ಆದರೆ ಸಂಘ ಹುಟ್ಟಿದ್ದೇ ಆ ಕಾಯ್ದೆಯಿಂದ.

ನಿಮ್ಮ ಅಭಿಪ್ರಾಯ ಹೇಳಿ. ವಿರುದ್ಧ ಇದ್ದರೂ ಹೇಳಿ.

ನೇರಮಾತು ವಿಜಯಪುರ

ವಿರುದ್ಧವೇ ಇದ್ದೇನೆ. ವಿಧಾನದ ತಪ್ಪಿಗೆ ತಿದ್ದುಪಡಿ ಬಿದ್ದರೆ ನನ್ನ ತಕರಾರಿಲ್ಲ. 368ರಲ್ಲಿ ಬರೆದದ್ದನ್ನು ಪಾಲಿಸಬೇಕು, ಮುಗೀತು. ನನ್ನ ತಕರಾರು ಮೂಲ ಸ್ವರೂಪದ ಬಗ್ಗೆ, ಅಂದರೆ ಸಂವಿಧಾನದ ಬುನಾದಿಯನ್ನು ಸಂಸತ್ತು ತಿದ್ದುಪಡಿಯಿಂದಲೂ ಅಲುಗಿಸುವಂತಿಲ್ಲ ಎಂಬ ಕೋರ್ಟಿನ ಮಾತಿನ ಬಗ್ಗೆ. ಅದು 368ರಲ್ಲಿ ಎಲ್ಲಿದೆ ತೋರಿಸಿ. ಎಲ್ಲೂ ಇಲ್ಲ. 1973ರ ಕೇಶವಾನಂದ ಭಾರತಿ ಕೇಸಿನಲ್ಲಿ 13 ನ್ಯಾಯಮೂರ್ತಿಗಳು ಕೂತು, 7 ಮಂದಿ ಹೌದು 6 ಮಂದಿ ಅಲ್ಲ ಎಂದು ಹೇಳಿ, ಒಬ್ಬರ ಮತದಿಂದ ಕೋಟ್ಯಂತರ ಮತದಾರರ ಕೈ ಕಟ್ಟಿದರು.

ಡಾ. ಅಂಬೇಡ್ಕರ್ ಅವರ 1949ರ ನವೆಂಬರ್ 25ರ ಭಾಷಣ ಓದಿ. ಇದೇ ಕೊನೆ, ಇದೇ ಸರಿ ಎಂದು ನಾವು ಮುದ್ರೆ ಒತ್ತಿಲ್ಲ, ತಿದ್ದುವ ದಾರಿ ಸುಲಭ ಇಟ್ಟಿದ್ದೇವೆ ಎಂಬ ಅರ್ಥದಲ್ಲಿ ಅವರೇ ಹೇಳಿದ್ದಾರೆ. ಒಂದು ಪೀಳಿಗೆ ಮುಂದಿನ ಪೀಳಿಗೆಯನ್ನು ಕಟ್ಟಿ ಹಾಕಬಾರದು ಎಂಬ ಜೆಫರ್ಸನ್ ವಿಚಾರವನ್ನೂ ಅಲ್ಲೇ ನೆನೆದಿದ್ದಾರೆ. ಸಂವಿಧಾನ ಬರೆದವರೇ ಬಾಗಿಲು ತೆರೆದಿಟ್ಟ ಮೇಲೆ ಕೋರ್ಟು ಅಗಳಿ ಹಾಕುವುದು ಯಾವ ಅಧಿಕಾರದಿಂದ?

ಅಥಣಿ ವಕೀಲ

ಒಳ್ಳೆಯ ಪ್ರಶ್ನೆ. ಸ್ವಲ್ಪ ಉದ್ದ ಬರೆಯುತ್ತೇನೆ, ಸಹಿಸಿಕೊಳ್ಳಿ.

ಜಗಳ 1973ಕ್ಕೆ ಶುರುವಾದದ್ದಲ್ಲ. ಮೊದಲ ತಿದ್ದುಪಡಿಯೇ 1951ರಲ್ಲಿ ಕೋರ್ಟಿಗೆ ಹೋಯಿತು. ಆಗ ಶಂಕರಿ ಪ್ರಸಾದ್ ಕೇಸಿನಲ್ಲಿ ಸಂಸತ್ತು ಮೂಲಭೂತ ಹಕ್ಕನ್ನೂ ತಿದ್ದಬಹುದು ಎಂದರು. 1965ರ ಸಜ್ಜನ್ ಸಿಂಗ್ ಕೇಸಿನಲ್ಲೂ ಅದೇ. ಆದರೆ ಅಲ್ಲಿ ನ್ಯಾಯಮೂರ್ತಿ ಮುಧೋಳ್ಕರ್ ಒಂದು ಅನುಮಾನ ಎತ್ತಿದರು: ಸಂವಿಧಾನದ ಮೂಲ ಲಕ್ಷಣವನ್ನೇ ಬದಲಿಸಿದರೆ ಅದನ್ನು ತಿದ್ದುಪಡಿ ಅನ್ನಬಹುದಾ? 1967ರಲ್ಲಿ ಗೋಲಕನಾಥ್ ಕೇಸು. 11 ಮಂದಿಯ ಪೀಠ, 6-5. ಮೂಲಭೂತ ಹಕ್ಕು ಮುಟ್ಟುವ ಹಾಗೇ ಇಲ್ಲ ಎಂಬ ತೀರ್ಪು. ಅದನ್ನು ದಾಟಲು 1971ರಲ್ಲಿ 24ನೇ ತಿದ್ದುಪಡಿ ಬಂತು.

ಆಮೇಲೆ ಕೇಶವಾನಂದ ಭಾರತಿ. ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ ಅವರು. ಕೇರಳದ ಭೂಸುಧಾರಣೆ ಕಾನೂನಿನಿಂದ ಮಠದ ಜಮೀನಿಗೆ ಕುತ್ತು ಬಂದಾಗ ಕೋರ್ಟಿಗೆ ಹೋದರು. ವಿಚಾರಣೆ 68 ದಿನ ನಡೆಯಿತು. ತೀರ್ಪು 1973ರ ಏಪ್ರಿಲ್ 24. ಗೋಲಕನಾಥ್ ತೀರ್ಪನ್ನು ಅಲ್ಲೇ ಕೈ ಬಿಟ್ಟರು. ಮೂಲಭೂತ ಹಕ್ಕಿನ ಅಧ್ಯಾಯವನ್ನೂ ಸಂಸತ್ತು ತಿದ್ದಬಹುದು ಎಂದರು. 24ನೇ ತಿದ್ದುಪಡಿ ಉಳಿಯಿತು. ಕೇರಳದ ಕಾನೂನನ್ನು ಒಂಬತ್ತನೇ ಅನುಸೂಚಿಗೆ (ಮೂಲಭೂತ ಹಕ್ಕಿನ ಹೆಸರಲ್ಲಿ ಕೋರ್ಟಿನಲ್ಲಿ ಪ್ರಶ್ನಿಸಲಾಗದಂತೆ ಕಾನೂನುಗಳನ್ನು ಇಡಲು ಮಾಡಿದ ಪಟ್ಟಿ) ಸೇರಿಸಿದ 29ನೇ ತಿದ್ದುಪಡಿಯೂ ಉಳಿಯಿತು. ಅಂದರೆ ಜಮೀನಿನ ಹೋರಾಟದಲ್ಲಿ ಸ್ವಾಮೀಜಿಗೆ ಏನೂ ಸಿಗಲಿಲ್ಲ. ಕೋರ್ಟು ಇಟ್ಟುಕೊಂಡದ್ದು ಒಂದೇ ಮಾತು: ತಿದ್ದಿ, ಆದರೆ ಸಂವಿಧಾನದ ಗುರುತೇ ಸಿಗದ ಹಾಗೆ ಮಾಡಬೇಡಿ.

ಗೋಲಕನಾಥ್‌ಗಿಂತ ಇದರಲ್ಲಿ ಸಂಸತ್ತಿಗೆ ಜಾಗ ಜಾಸ್ತಿ ಸಿಕ್ಕಿತು. ಈ ಒಂದು ವಿಷಯವನ್ನು ನೇರಮಾತು ಅವರು ದಯವಿಟ್ಟು ಗಮನಿಸಬೇಕು.

ಇನ್ನು ಅಧಿಕಾರ ಎಲ್ಲಿಂದ ಬಂತು ಎಂಬುದಕ್ಕೆ ನ್ಯಾಯಮೂರ್ತಿ ಎಚ್.ಆರ್. ಖನ್ನಾ ಅವರ ದಾರಿ ನನಗೆ ಸರಿ ಕಾಣುತ್ತದೆ. ತಿದ್ದುಪಡಿ ಆದ ಮೇಲೂ ಹಳೆಯ ಸಂವಿಧಾನ ಉಳಿದಿರಬೇಕು. ಉಳಿಯದಿದ್ದರೆ ನಡೆದದ್ದು ತಿದ್ದುಪಡಿ ಅಲ್ಲ, ಹೊಸ ಸಂವಿಧಾನ. ಹೊಸದನ್ನು ಬರೆಯುವ ಅಧಿಕಾರವನ್ನು 368 ಯಾರಿಗೂ ಕೊಟ್ಟಿಲ್ಲ.

ಮುಳುಗಡೆ ನವನಗರ

ನಿಮ್ಮಂಥ ಕಾನೂನು ಜ್ಞಾನ ನನಗಿಲ್ಲ. ಆದರೆ ನಮ್ಮ ಮನೆ, ಹೊಲ ಎರಡೂ ಆಲಮಟ್ಟಿ ಹಿನ್ನೀರಿಗೆ ಹೋದವು. ಬಾಗಲಕೋಟೆಯ ಹಳೇ ಊರಿನಿಂದ ನವನಗರಕ್ಕೆ ಬಂದವರು ನಾವು. ಪರಿಹಾರಕ್ಕೆ ಅಪ್ಪ ಕೋರ್ಟು ಕಚೇರಿ ಅಲೆದು ಅಲೆದು ಸೋತರು. ಆಗ ಒಬ್ಬರು ಹೇಳಿದ್ದು ಇನ್ನೂ ನೆನಪಿದೆ, ಆಸ್ತಿ ಈಗ ಮೂಲಭೂತ ಹಕ್ಕಲ್ಲ ಅಂತ. ಅದನ್ನೂ ತಿದ್ದುಪಡಿಯಿಂದಲೇ ತೆಗೆದರಲ್ಲ? ಆಗ ಈ ಮೂಲ ಸ್ವರೂಪ ಎಲ್ಲಿ ಹೋಗಿತ್ತು? ಉತಾರದಲ್ಲಿ ಅಜ್ಜನ ಹೆಸರಿದ್ದ ಹೊಲದ ಮೇಲೆ ಈಗ ನೀರಿದೆ. ಸಿಟ್ಟಿನಿಂದ ಕೇಳುತ್ತಿಲ್ಲ. ನಿಜವಾಗಿ ತಿಳಿಯಬೇಕಿದೆ.

ಅಥಣಿ ವಕೀಲ

ಇದಕ್ಕೆ ನೇರ ಉತ್ತರ ಕೊಡಲೇಬೇಕು. 44ನೇ ತಿದ್ದುಪಡಿ, 1978. ಆಸ್ತಿಯ ಹಕ್ಕನ್ನು ಮೂಲಭೂತ ಹಕ್ಕುಗಳ ಭಾಗದಿಂದ ತೆಗೆದು 300ಎ ವಿಧಿಗೆ ಹಾಕಿದರು. 1979ರ ಜೂನ್ 20ರಿಂದ ಜಾರಿ. ಆಸ್ತಿಯ ಹಕ್ಕು ಮೂಲ ಸ್ವರೂಪದ ಭಾಗ ಅಲ್ಲ ಎಂದು ಖನ್ನಾ ಅವರು ಕೇಶವಾನಂದ ಕೇಸಿನಲ್ಲೇ ಬರೆದಿದ್ದರು. ಹಾಗಾಗಿ ಅದು ನಿಮ್ಮ ನೆರವಿಗೆ ಬರಲಿಲ್ಲ.

ಆದರೆ 300ಎ ಸತ್ತ ವಿಧಿ ಅಲ್ಲ. ಕಾನೂನಿನ ಆಧಾರ ಇಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ. 2020ರಲ್ಲಿ ಹಿಮಾಚಲದ ಒಬ್ಬ ಹಿರಿಯ ಮಹಿಳೆಯ ಕೇಸಿನಲ್ಲಿ, ಸರ್ಕಾರವೇ ರೈತರ ಜಮೀನಿನಲ್ಲಿ ಇಷ್ಟು ವರ್ಷ ಕೂತಿದ್ದೇನೆ, ಇನ್ನು ನನ್ನದೇ ಎನ್ನುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿತು. 2024ರ ಮೇ ತಿಂಗಳಲ್ಲಿ ಕೋಲ್ಕತ್ತದ ಇನ್ನೊಂದು ಕೇಸಿನಲ್ಲಿ 300ಎ ಒಳಗೆ ಏಳು ಹಕ್ಕುಗಳಿವೆ ಎಂದು ಬಿಡಿಸಿ ಹೇಳಿತು. ನೋಟಿಸ್ ಕೊಡಬೇಕು, ತಕರಾರು ಕೇಳಬೇಕು, ಕಾರಣ ಕೊಟ್ಟು ಆದೇಶ ಮಾಡಬೇಕು, ಸಾರ್ವಜನಿಕ ಉದ್ದೇಶ ಇರಬೇಕು, ನ್ಯಾಯವಾದ ಪರಿಹಾರ ಕೊಡಬೇಕು, ಕೆಲಸ ವೇಳೆಗೆ ಸರಿಯಾಗಿ ನಡೆಸಬೇಕು, ಕೊನೆಗೆ ಮುಗಿಸಬೇಕು. ಆಲಮಟ್ಟಿಯನ್ನು 519.60 ಮೀಟರಿನಿಂದ 524.256ಕ್ಕೆ ಎತ್ತರಿಸುವ ಮಾತು ನಡೆದಿರುವಾಗ ನಮ್ಮ ಕೃಷ್ಣಾ ತೀರದ ಮಂದಿ ಈ ಏಳನ್ನೂ ಬಾಯಿಪಾಠ ಮಾಡಿಕೊಳ್ಳಬೇಕು.

ಉಳುವವನ ಮೊಮ್ಮಗಳು, ಬೈಲಹೊಂಗಲ

ಮುಳುಗಡೆ ಅಣ್ಣನ ನೋವು ಅರ್ಥವಾಗುತ್ತದೆ. ಇನ್ನೊಂದು ಬದಿಯನ್ನೂ ಹೇಳಲೇಬೇಕು. ನಮ್ಮಜ್ಜ ಗೇಣಿ ಹೊಲ ಮಾಡುತ್ತಿದ್ದವರು. 1974ರ ಮಾರ್ಚ್ 1ರಿಂದ ದೇವರಾಜ ಅರಸು ಕಾಲದ ಭೂಸುಧಾರಣೆ ಜಾರಿಗೆ ಬಂತು. ಅಜ್ಜ ನಮೂನೆ 7 ತುಂಬಿ ಭೂನ್ಯಾಯಮಂಡಳಿಗೆ ಕೊಟ್ಟರು. ಕೊನೆಗೆ ಹೊಲ ನಮ್ಮದೆಂದು ಹೇಳುವ ಪತ್ರ, ನಮೂನೆ 10, ಕೈಗೆ ಬಂತು. ಅದನ್ನು ಇಂದಿಗೂ ಟ್ರಂಕಿನೊಳಗೆ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟಿದ್ದೇವೆ. ಮಡಚಿದ ಗೆರೆಯಲ್ಲಿ ಕಾಗದ ಹರಿದಿದೆ, ತಹಶೀಲ್ದಾರರ ಮೊಹರು ಮಾತ್ರ ಗಟ್ಟಿ ಇದೆ.

ಅದಕ್ಕೂ ಮೊದಲು, 1964ರ 17ನೇ ತಿದ್ದುಪಡಿಯಲ್ಲಿ ಮೈಸೂರು ಭೂಸುಧಾರಣೆ ಕಾಯ್ದೆ ಒಂಬತ್ತನೇ ಅನುಸೂಚಿ ಸೇರಿತ್ತು. ಆಸ್ತಿಯ ಹಕ್ಕನ್ನು ಯಾರೂ ಮುಟ್ಟಲೇಬಾರದು ಎಂದು ಕೋರ್ಟು ಪಟ್ಟು ಹಿಡಿದಿದ್ದರೆ ನಮ್ಮಂಥವರ ಕೈಗೆ ಹೊಲ ಬರುವುದು ಕಷ್ಟವಿತ್ತು. ಹಾಗಾಗಿ ನನಗೆ ತಿದ್ದುವ ಅಧಿಕಾರದ ಬಗ್ಗೆ ಗೌರವ ಇದೆ. ಮಿತಿ ಬೇಕು ಅನ್ನುವವರು ಇದನ್ನು ಮರೆಯಬಾರದು.

ಜಮಖಂಡಿ ಮೇಷ್ಟ್ರು

ತಂಗಿಯ ಮಾತು ಸರಿ. ಭೂಸುಧಾರಣೆ ತಡೆಯಲು ಮೂಲ ಸ್ವರೂಪ ಹುಟ್ಟಿತು ಅನ್ನುವುದು ಅರ್ಧ ಕತೆ. ಅದು ಹಲ್ಲು ಗಟ್ಟಿ ಮಾಡಿಕೊಂಡದ್ದು ತುರ್ತು ಪರಿಸ್ಥಿತಿಯಲ್ಲಿ. ಆ ದಿನಗಳ ಕ್ಯಾಲೆಂಡರ್ ಒಮ್ಮೆ ಇಟ್ಟುಕೊಂಡು ನೋಡಿ.

1975ರ ಜೂನ್ 12: ಅಲಹಾಬಾದ್ ಹೈಕೋರ್ಟ್ ಇಂದಿರಾ ಗಾಂಧಿ ಚುನಾವಣೆ ರದ್ದು ಮಾಡಿತು. ಆಗಸ್ಟ್ 7: 39ನೇ ತಿದ್ದುಪಡಿ ಲೋಕಸಭೆಗೆ ಬಂತು, ಅದೇ ದಿನ ಪಾಸಾಯಿತು. ಆಗಸ್ಟ್ 8: ರಾಜ್ಯಸಭೆ. ಆಗಸ್ಟ್ 9, ಶನಿವಾರ: ರಾಜ್ಯಗಳ ವಿಧಾನಸಭೆಗಳು ಸೇರಿ ಒಪ್ಪಿದವು. ಆಗಸ್ಟ್ 10, ಭಾನುವಾರ: ರಾಷ್ಟ್ರಪತಿ ಸಹಿ. ಪ್ರಧಾನಿಯ ಚುನಾವಣೆಯನ್ನು ಯಾವ ಕೋರ್ಟೂ ಪ್ರಶ್ನಿಸುವಂತಿಲ್ಲ, ಹಿಂದಿನ ತೀರ್ಪೂ ಲೆಕ್ಕಕ್ಕಿಲ್ಲ ಎಂದು ಆ ತಿದ್ದುಪಡಿ ಹೇಳಿತು. ಮರುದಿನ, ಸೋಮವಾರ, ಸುಪ್ರೀಂ ಕೋರ್ಟಿನಲ್ಲಿ ಅದೇ ಕೇಸಿನ ವಿಚಾರಣೆ ಇತ್ತು.

ರಾಯಬಾಗದ ಗೆಳೆಯರೇ, ನೀವು ನಂಬಿರುವ ವಿಧಾನದ ಬೇಲಿಯನ್ನು ಇಲ್ಲಿ ನಾಲ್ಕೇ ದಿನದಲ್ಲಿ ದಾಟಿದರು. ಮೂರನೇ ಎರಡು ಬಹುಮತ ಇತ್ತು. ಅರ್ಧ ರಾಜ್ಯಗಳ ಒಪ್ಪಿಗೆಯೂ ಇತ್ತು. ಹಾಗಾದರೆ ಅದನ್ನು ಯಾವುದರಿಂದ ತಡೆಯಬೇಕಿತ್ತು? ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆ ಭಾಗವನ್ನು ಮೂಲ ಸ್ವರೂಪದ ಆಧಾರದ ಮೇಲೆ ಹೊಡೆದು ಹಾಕಿತು. ಇಂದಿರಾ ಅವರ ಚುನಾವಣೆ ಬೇರೆ ಕಾರಣಕ್ಕೆ ಉಳಿಯಿತು, ಆ ಮಾತು ಬೇರೆ. ನನಗೆ ಮುಖ್ಯ ಅನ್ನಿಸುವುದು ಆ ಪೀಠ. ಐವರಲ್ಲಿ ಖನ್ನಾ ಒಬ್ಬರನ್ನು ಬಿಟ್ಟರೆ ಉಳಿದ ನಾಲ್ವರೂ ಕೇಶವಾನಂದ ಕೇಸಿನಲ್ಲಿ ಆರು ಮಂದಿಯ ಬದಿಗೆ ಇದ್ದವರು. ಆ ಬದಿಯವರೂ ಈ ಸಲ ಮಿತಿಯನ್ನು ಒಪ್ಪಿ ತೀರ್ಪು ಕೊಟ್ಟರು. 7-6 ಎಂದು ಮೂಗು ಮುರಿಯುವವರು ಇದನ್ನು ನೋಡಬೇಕು.

ನಮ್ಮ ರಾಜ್ಯದವರ ಪಾಲೂ ಇದರಲ್ಲಿದೆ. ಕಾರ್ಕಳ ತಾಲ್ಲೂಕಿನ ಕೆ.ಎಸ್. ಹೆಗ್ಡೆ ಅವರು ಏಳು ಮಂದಿಯಲ್ಲಿ ಒಬ್ಬರು. ತೀರ್ಪು ಬಂದ ಕೂಡಲೇ ಶೆಲತ್, ಹೆಗ್ಡೆ, ಗ್ರೋವರ್ ಮೂವರ ಹಿರಿತನ ಪಕ್ಕಕ್ಕಿಟ್ಟು ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟರು. 1977ರಲ್ಲಿ ಹೆಗ್ಡೆ ಲೋಕಸಭಾಧ್ಯಕ್ಷರಾದರು. ಅದೇ ವರ್ಷ ನಮ್ಮ ಸಾವಳಗಿಯ ಬಿ.ಡಿ. ಜತ್ತಿ ಅವರು ಹಂಗಾಮಿ ರಾಷ್ಟ್ರಪತಿ. ಒಂಬತ್ತು ರಾಜ್ಯಗಳ ವಿಧಾನಸಭೆ ವಿಸರ್ಜನೆಯ ಕಡತ ಬಂದಾಗ ಅವರು ಕೂಡಲೇ ಸಹಿ ಹಾಕಲಿಲ್ಲ. ಮರುದಿನ ಹಾಕಿದರು. ಆ ಒಂದು ದಿನದ ತಡೆಯನ್ನು ನಮ್ಮ ತಾಲ್ಲೂಕಿನವರು ಇನ್ನೂ ಮಾತಾಡುತ್ತಾರೆ. ರಾಜ್ಯಗಳಲ್ಲಿ ರಾಷ್ಟ್ರಪತಿ ಆಳ್ವಿಕೆ ಹೇರುವ 356ನೇ ವಿಧಿಯ ಆ ದುರ್ಬಳಕೆಗೆ ಗಟ್ಟಿ ಕಡಿವಾಣ ಬಿದ್ದದ್ದು 1994ರ ಮಾರ್ಚ್ 11ರಂದು, ನಮ್ಮದೇ ಎಸ್.ಆರ್. ಬೊಮ್ಮಾಯಿ ಕೇಸಿನಲ್ಲಿ. ಬಹುಮತ ಸದನದಲ್ಲೇ ಸಾಬೀತಾಗಬೇಕು ಎಂದರು. ಜಾತ್ಯತೀತತೆ ಮೂಲ ಸ್ವರೂಪದ ಭಾಗ ಎಂದರು.

ಟಿಳಕವಾಡಿ ಕಾನೂನು ವಿದ್ಯಾರ್ಥಿನಿ

ಮಿನರ್ವಾ ಮಿಲ್ಸ್ ಯಾರೂ ಹೇಳಲಿಲ್ಲ! ಅದು ಬೆಂಗಳೂರಿನ ಬಟ್ಟೆ ಗಿರಣಿ. 1976ರ 42ನೇ ತಿದ್ದುಪಡಿ 368ರೊಳಗೇ ಎರಡು ಉಪವಿಧಿ ಸೇರಿಸಿತ್ತು. ತಿದ್ದುವ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ, ಕೋರ್ಟು ಕೇಳುವಂತಿಲ್ಲ ಅಂತ. 1980ರಲ್ಲಿ ಎರಡನ್ನೂ ಹೊಡೆದು ಹಾಕಿದರು. ಮಿತಿ ಇರುವ ಅಧಿಕಾರವನ್ನು ಬಳಸಿ ಅದೇ ಅಧಿಕಾರವನ್ನು ಮಿತಿಯಿಲ್ಲದ್ದು ಮಾಡಿಕೊಳ್ಳುವಂತಿಲ್ಲ, ಇದೇ ತೀರ್ಪಿನ ತಿರುಳು. ಇಡೀ ವಿಷಯದಲ್ಲಿ ನನಗೆ ಬಹಳ ಹಿಡಿಸಿದ ತರ್ಕ ಇದು.

ಒಂದು ಪ್ರಶ್ನೆ ಇದೆ. 2022ರ ಡಿಸೆಂಬರಿನಲ್ಲಿ ಇಲ್ಲೇ ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ ಪರಿಶಿಷ್ಟ ಜಾತಿಯ ಮೀಸಲಾತಿ 15ರಿಂದ 17ಕ್ಕೆ, ಪಂಗಡದ್ದು 3ರಿಂದ 7ಕ್ಕೆ ಏರಿಸುವ ಮಸೂದೆ ಪಾಸಾಯಿತು. ಒಟ್ಟು ಮೀಸಲಾತಿ ಶೇ. 50 ದಾಟಿತು. ಅದನ್ನು ಒಂಬತ್ತನೇ ಅನುಸೂಚಿಗೆ ಸೇರಿಸಿ ಎಂಬ ಬೇಡಿಕೆ ಇದೆ. ಸೇರಿಸಿದರೆ ಕೋರ್ಟು ಮುಟ್ಟುವಂತಿಲ್ಲ ಎಂದು ಭಾಷಣದಲ್ಲಿ ಹೇಳುತ್ತಾರೆ. ಅದು ನಿಜವಾ?

ಅಥಣಿ ವಕೀಲ

ಈಗ ನಿಜ ಅಲ್ಲ. 1951ರಲ್ಲಿ ಆ ಅನುಸೂಚಿ ಮಾಡಿದಾಗ ಅದರಲ್ಲಿ 13 ಕಾನೂನು ಇದ್ದವು. ಈಗ 284. ಮೊದಲು ಅದು ನಿಜಕ್ಕೂ ಕೋಟೆ ಆಗಿತ್ತು. 2007ರ ಜನವರಿ 11ರಂದು ಒಂಬತ್ತು ನ್ಯಾಯಮೂರ್ತಿಗಳು ಕೊಯೆಲ್ಹೋ ಕೇಸಿನಲ್ಲಿ ಒಮ್ಮತದಿಂದ ಹೇಳಿದರು: 1973ರ ಏಪ್ರಿಲ್ 24ರ ನಂತರ ಅಲ್ಲಿ ಸೇರಿದ ಯಾವ ಕಾನೂನನ್ನಾದರೂ ಮೂಲ ಸ್ವರೂಪಕ್ಕೆ ಧಕ್ಕೆ ತರುತ್ತದಾ ಎಂದು ಪರೀಕ್ಷಿಸಬಹುದು. ಆದ್ದರಿಂದ ಮೀಸಲಾತಿ ಹೆಚ್ಚಳ ಉಳಿಯಬೇಕಾದರೆ ಅನುಸೂಚಿಯ ಆಸರೆ ಒಂದೇ ಸಾಲದು. ಗಟ್ಟಿ ಅಂಕಿ ಅಂಶ ಬೇಕು. ಇಂದ್ರಾ ಸಾಹ್ನಿ ತೀರ್ಪು ಮೀಸಲಾತಿಗೆ ಹಾಕಿದ ಶೇ. 50ರ ಗೆರೆಯನ್ನು ಯಾಕೆ ದಾಟಬೇಕಾಯಿತು ಎಂದು ಕೋರ್ಟಿನ ಮುಂದೆ ತೋರಿಸಬೇಕು. ಸುಮ್ನೆ ಅನುಸೂಚಿಗೆ ಸೇರಿಸಿಬಿಟ್ಟರೆ ಮುಗೀತು ಎಂದು ಸಮುದಾಯಗಳಿಗೆ ಹೇಳುವುದು ಅನ್ಯಾಯ.

ನೇರಮಾತು ವಿಜಯಪುರ

ಮೇಷ್ಟ್ರ 1975ರ ಉದಾಹರಣೆಗೆ ನನ್ನ ಹತ್ತಿರ ಸುಲಭ ಉತ್ತರ ಇಲ್ಲ, ಒಪ್ಪುತ್ತೇನೆ. ಆದರೆ ಅದಕ್ಕೆ ಕೊನೆಯ ಉತ್ತರ ಕೊಟ್ಟದ್ದು 1977ರ ಮತದಾರ. 42ರ ಬಹಳಷ್ಟು ಭಾಗವನ್ನು ಕಿತ್ತು ಹಾಕಿದ್ದು 43 ಮತ್ತು 44ನೇ ತಿದ್ದುಪಡಿಗಳು, ಅಂದರೆ ಮತ್ತೆ ಸಂಸತ್ತೇ.

ಇನ್ನೊಂದು. 2015ರಲ್ಲಿ ನ್ಯಾಯಾಂಗ ನೇಮಕಾತಿ ಆಯೋಗದ 99ನೇ ತಿದ್ದುಪಡಿ ಹೊಡೆದು ಹಾಕಿದರು. ಅದಕ್ಕೆ ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಒಪ್ಪಿದ್ದವು. ನ್ಯಾಯಮೂರ್ತಿಗಳ ನೇಮಕ ಯಾರು ಮಾಡಬೇಕು ಎಂಬುದನ್ನು ನ್ಯಾಯಮೂರ್ತಿಗಳೇ 4-1ರಿಂದ ತೀರ್ಮಾನಿಸಿದರು. ಮೂಲ ಸ್ವರೂಪದ ಪಟ್ಟಿ ಎಲ್ಲೂ ಬರೆದಿಲ್ಲ. ಜರ್ಮನಿಯಲ್ಲಿ 79ನೇ ವಿಧಿಯ ಮೂರನೇ ಉಪವಿಧಿಯಲ್ಲಿ ಇದನ್ನು ಮುಟ್ಟಬಾರದು ಎಂದು ಬರೆದೇ ಇಟ್ಟಿದ್ದಾರೆ. ಓದಿದವರಿಗೆ ಮೊದಲೇ ಗೊತ್ತಾಗುತ್ತದೆ. ನಮ್ಮಲ್ಲಿ ತೀರ್ಪು ಬಂದ ಮೇಲೆ ಗೊತ್ತಾಗುತ್ತದೆ. ಕೀನ್ಯಾದ ಸುಪ್ರೀಂ ಕೋರ್ಟ್ 2022ರಲ್ಲಿ ಈ ಸಿದ್ಧಾಂತ ನಮಗೆ ಅನ್ವಯಿಸದು ಎಂದಿತು. ಅವರ ಸಂವಿಧಾನದಲ್ಲೇ ಜನಮತ ಸಂಗ್ರಹದಂಥ ಬಿಗಿ ದಾರಿ ಇದೆ. ನಾವೂ ಅಂಥದ್ದನ್ನು ಬರೆದಿಡಬೇಕು ಅನ್ನುವುದು ನನ್ನ ವಾದ.

ರಾಯಬಾಗದ ರೈತ

99ನೇ ತಿದ್ದುಪಡಿಯ ಬಗ್ಗೆ ನಿಮ್ಮ ಅಸಮಾಧಾನ ನನಗೂ ಇದೆ. ಮೂಲ ಸ್ವರೂಪವನ್ನು ಕೋರ್ಟು ಕೈ ಬಿಗಿ ಹಿಡಿದು ಬಳಸಬೇಕು. ಸಾಮಾನ್ಯವಾಗಿ ಹಾಗೇ ಬಳಸಿದೆ ಕೂಡ. ನೂರಕ್ಕೂ ಹೆಚ್ಚು ತಿದ್ದುಪಡಿಗಳು ಬಂದಿವೆ, ಈ ಕಾರಣಕ್ಕೆ ಬಿದ್ದವು ಬೆರಳೆಣಿಕೆಯಷ್ಟು. ಆರ್ಥಿಕವಾಗಿ ಹಿಂದುಳಿದವರಿಗೆ ಶೇ. 10 ಕೊಟ್ಟ 103ನೇ ತಿದ್ದುಪಡಿ 2022ರ ನವೆಂಬರ್ 7ರಂದು 3-2ರಿಂದ ಉಳಿಯಿತು. ಕೋರ್ಟು ಸಿಕ್ಕ ಸಿಕ್ಕದ್ದನ್ನೆಲ್ಲ ಹೊಡೆಯುತ್ತದೆ ಅನ್ನುವುದು ಸರಿಯಲ್ಲ.

1977ರ ಮತದಾರನ ಬಗ್ಗೆ ಒಂದು ಮಾತು. ಆ ಮತದಾನ ನಡೆಯಿತು, ಅದಕ್ಕೇ ಮತದಾರ ಉತ್ತರ ಕೊಟ್ಟ. ಚುನಾವಣೆಯನ್ನೇ ಮುಂದೂಡುತ್ತಾ ಹೋಗುವ ತಿದ್ದುಪಡಿ ಬಂದಿದ್ದರೆ? 42ನೇ ತಿದ್ದುಪಡಿ ಲೋಕಸಭೆಯ ಅವಧಿಯನ್ನು ಐದರಿಂದ ಆರು ವರ್ಷ ಮಾಡಿತ್ತು. ಆರನ್ನು ಹತ್ತು ಮಾಡಲು ಬೇಕಿದ್ದದ್ದು ಅದೇ ಬಹುಮತ. ಮತದಾರನ ಕೈಗೆ ಪೆಟ್ಟಿಗೆ ಬರುವ ಹಾಗೆ ನೋಡಿಕೊಳ್ಳುವವರು ಬೇರೆ ಯಾರಾದರೂ ಇರಲೇಬೇಕು.

ಆದರೆ ನನ್ನ ಚಿಂತೆ ಇರುವುದು ಮೊದಲ ಬೇಲಿಯ ಮೇಲೆ, ರಾಜ್ಯಗಳ ಒಪ್ಪಿಗೆಯ ಮೇಲೆ. ಅದನ್ನು ಯಾರೂ ಕಾಯುತ್ತಿಲ್ಲ. ಮೇಷ್ಟ್ರು ಹೇಳಿದ ಆ ಶನಿವಾರ ಒಂದೇ ಒಂದು ದಿನದ ಚರ್ಚೆಯಲ್ಲಿ ನಮ್ಮ ಸದನಗಳು ಕೈ ಎತ್ತಿದವು. 97ರಲ್ಲಿ ಸದನಗಳನ್ನು ಕೇಳಲೇ ಇಲ್ಲ. ಈಗ 129ನೇ ತಿದ್ದುಪಡಿ ಮಸೂದೆ ನೋಡಿ, ಒಂದು ದೇಶ ಒಂದು ಚುನಾವಣೆಯದ್ದು. 2024ರ ಡಿಸೆಂಬರ್ 17ರಂದು ಲೋಕಸಭೆಗೆ ಬಂದು ಜಂಟಿ ಸಮಿತಿಗೆ ಹೋಯಿತು. ವಿಧಾನಸಭೆಯ ಅವಧಿಯ 172ನೇ ವಿಧಿಯನ್ನು ಅದು ಮುಟ್ಟುತ್ತದೆ. ಇದಕ್ಕೆ ರಾಜ್ಯಗಳ ಒಪ್ಪಿಗೆ ಬೇಕಿಲ್ಲ ಎಂದು ಮಾಜಿ ರಾಷ್ಟ್ರಪತಿ ಕೋವಿಂದ್ ಅವರ ಸಮಿತಿ ವರದಿ ಕೊಟ್ಟಿದೆ. ರಾಜ್ಯಗಳ ಒಪ್ಪಿಗೆ ಬೇಕೆಂದು 368 ಕೊಟ್ಟ ಪಟ್ಟಿಯಲ್ಲಿ 172 ಹೆಸರು ಹಿಡಿದು ಬರೆದ ವಿಧಿ ಅಲ್ಲ, ಅದು ನಿಜ. ಆದರೆ ನಾವು ಐದು ವರ್ಷಕ್ಕೆ ಎಂದು ಆರಿಸಿದ ಸದನದ ಆಯಸ್ಸು ಕಡಿಮೆ ಮಾಡುವಾಗ ಆ ಸದನವನ್ನೇ ಕೇಳುವುದಿಲ್ಲ ಎಂದರೆ ಹೇಗೆ? ಮಸೂದೆಯ ಪರ ಇರುವವರಿಗೂ ನಾನು ಇದನ್ನೇ ಕೇಳುತ್ತೇನೆ. ಒಳ್ಳೆಯದಿದ್ದರೆ ರಾಜ್ಯಗಳ ಮುಂದೆ ಇಡಿ. ಬೆಳಗಾವಿಯಲ್ಲಿ 2012ರ ಅಕ್ಟೋಬರಿನಿಂದ ಸುವರ್ಣಸೌಧ ನಿಂತಿದೆ. ಅಲ್ಲಿ ಅನುದಾನ, ಕಬ್ಬಿನ ದರ ಚರ್ಚೆ ಆಗಬೇಕು, ಆಗಲಿ. ಇಂಥ ಠರಾವಿನ ಮೇಲೆ ನಮ್ಮ ಶಾಸಕರು ಏನು ಹೇಳುತ್ತಾರೆ ಅನ್ನುವುದನ್ನೂ ನಾವು ಕೇಳಬೇಕು.

ನೇರಮಾತು ವಿಜಯಪುರ

ರಾಜ್ಯಗಳನ್ನು ಕೇಳಬೇಕು ಎಂಬುದಕ್ಕೆ ನನ್ನ ಪೂರ್ಣ ಬೆಂಬಲ. ಮೂಲ ಸ್ವರೂಪದ ಪಟ್ಟಿ ಬರೆದಿಡಬೇಕು ಎಂಬುದರಿಂದ ಮಾತ್ರ ನಾನು ಹಿಂದೆ ಸರಿಯುವುದಿಲ್ಲ.

ಚಿಕ್ಕೋಡಿ ಪತ್ತಿನ ಸದಸ್ಯ

ಮೊದಲ ಪೋಸ್ಟಿಗೆ ಸಂಬಂಧಿಸಿ ಕೇಳುತ್ತೇನೆ. ನಮ್ಮ ಸೊಸೈಟಿಯ ಶಾಖೆಗಳು ಮಹಾರಾಷ್ಟ್ರದಲ್ಲೂ ಇವೆ. 97ನೇ ತಿದ್ದುಪಡಿ ನಮಗೆ ಈಗ ಇದೆಯೋ ಇಲ್ಲವೋ?

ಅಥಣಿ ವಕೀಲ

ಗಡಿ ಭಾಗದಲ್ಲಿ ಇದು ಮುಖ್ಯ ಪ್ರಶ್ನೆ. ಬಹುರಾಜ್ಯ ಸಹಕಾರಿ ಸಂಘಗಳ ಮಟ್ಟಿಗೆ ಆ ಭಾಗ ಉಳಿದಿದೆ. ಅವುಗಳ ಕಾನೂನು ಮಾಡುವುದು ಕೇಂದ್ರದ ಅಧಿಕಾರ, ಹಾಗಾಗಿ ಅಲ್ಲಿ ರಾಜ್ಯಗಳ ಒಪ್ಪಿಗೆ ಬೇಕಿರಲಿಲ್ಲ. ಮೂವರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಹಾಗೆ ಬೇರ್ಪಡಿಸಿದರು. ಮೂರನೆಯವರು ಹಾಗೆ ಬೇರ್ಪಡಿಸಲು ಬರುವುದಿಲ್ಲ ಎಂದರು. ಶಾಖೆ ಎಲ್ಲಿದೆ ಎಂದು ನೋಡಬೇಡಿ, ನೋಂದಣಿ ಪ್ರಮಾಣಪತ್ರ ನೋಡಿ. 2002ರ ಬಹುರಾಜ್ಯ ಸಹಕಾರಿ ಸಂಘಗಳ ಕಾಯ್ದೆಯ ಕೆಳಗೆ, ಕೇಂದ್ರ ರಿಜಿಸ್ಟ್ರಾರ್ ಹತ್ತಿರ ನೋಂದಣಿ ಆಗಿದ್ದರೆ ನಿಮಗೆ ಅದು ಅನ್ವಯ. 1959ರ ಕರ್ನಾಟಕ ಕಾಯ್ದೆಯ ಕೆಳಗೆ ಇದ್ದರೆ ರಾಜ್ಯದ ಕಾಯ್ದೆಯೇ ನಿಮ್ಮದು. ಚುನಾವಣೆಯ ತಕರಾರು ಎಲ್ಲಿಗೆ ಒಯ್ಯಬೇಕು ಎಂಬುದೂ ಇದರ ಮೇಲೇ ನಿಂತಿದೆ. ನಾಮಪತ್ರ ಹಾಕುವ ಮೊದಲೇ ಅದರ ಒಂದು ಪ್ರತಿ ತೆಗೆದಿಟ್ಟುಕೊಳ್ಳಿ.